ಕೂಸಿಗೆ ನೀರೆರೆದವರು

ಮೇಘಾಳ ಅಪ್ಪನವರಿಗೆ,

ಇಂದು ಸೋಮವಾರ, ಒಪ್ಪತ್ತು. ಅಂಗಳ ಸಾರಿಸಿ, ಪೂಜೆ ಮುಗಿಸಿದೆ.

ಮೇಘಾ ರಾಣೆಬೆನ್ನೂರಿನ ನೌಕರಿಗೆ ಹೋಗುವುದು ಅಳಿಯ ಹನುಮೇಶನ ಬಲದಿಂದ. ಅವರ ಕೂಸಿಗೆ ದಿನಾ ನೀರೆರೆಯುವವನು ಅವನೇ. ನಿನ್ನೆ ನಾನು, ‘ಬಿಡ್ರಿ ಅಳಿಯಾರ, ಓಣ್ಯಾಗ ನಗತಾರ’ ಎಂದುಬಿಟ್ಟೆ. ಮೇಘಾ ಸಿಡಿದಳು: ‘ನಾಳೆ ರಾಜೀನಾಮಿ ಕೊಡ್ತೇನಿ. ನಿನ್ನ ಓಣಿ ತಣ್ಣಗಿರಲಿ!’

ಮೇಘಾ ಕೂಸಾಗಿದ್ದಾಗ ನಿಮಗೂ ಇದೇ ಮಾತು ಅಂದಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸಿ ಉರಿಯುವ ನನ್ನ ಕೈ ಮೇಘಾಳಿಗೆ ತಾಗಬಾರದೆಂದು ನೀವೇ ಎರೆಯುತ್ತಿದ್ದಿರಿ. ಆ ಮಾತಿನ ನಂತರ ನೀವು ಮಗಳನ್ನು ಎತ್ತಿಕೊಳ್ಳಲೇ ಇಲ್ಲ.

ಇಂದು ಗಂಡ ಹೆಂಡತಿ ಇಬ್ಬರೂ ಮುನಿಸಿಕೊಂಡು, ಕೂಸಿಗೆ ಎರೆಯದೆಯೇ ಕೆಲಸಕ್ಕೆ ಹೋದರು. ತೊಟ್ಟಿಲಲ್ಲಿ ಅಳುತ್ತಿದ್ದ ಕೂಸು ತಟ್ಟನೆ ಸುಮ್ಮನಾಯಿತು. ಹೋಗಿ ನೋಡಿದರೆ ತಲೆ ಹಸಿ, ಮೈ ಬೆಚ್ಚಗೆ. ಅದಕ್ಕೆ ನಿಮ್ಮ ಧೋತರ ಸುತ್ತಿತ್ತು. ನೀವು ತೀರಿಕೊಂಡ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದೆ. ಕೀಲಿ ನನ್ನ ಸೊಂಟದಲ್ಲೇ ಇತ್ತು. ಬಚ್ಚಲ ನೆಲ ಒಣಗಿತ್ತು. ಕೂಸು ನನ್ನ ಭುಜದ ಹಿಂದೆ ಯಾರನ್ನೋ ನೋಡಿ ನಗುತ್ತಿತ್ತು.

ತಿರುಗಿ ನೋಡಲಿಲ್ಲ. ಮೇಘಾಳಿಗೆ ಫೋನ್ ಮಾಡಿದೆ: ‘ರಾಜೀನಾಮಿ ಕೊಡಬ್ಯಾಡವಾ. ನಾಳಿಂದ ಅಳಿಯಾರ ಎರೀಲಿ. ನಂದ ತಪ್ಪಾತು.’

ನಿಮಗೆ ಈ ಮಾತನ್ನು ಎಂದೂ ಹೇಳಲಿಲ್ಲ. ಸಿಟ್ಟು ಇಳಿಯಿತೇನು? ಕೂಸಿಗೆ ಇನ್ನೂ ಮಾತು ಬಾರದು. ಆದರೂ ನಿಮ್ಮ ಉತ್ತರವನ್ನು ಅದೇ ತಂದುಕೊಡಲಿ.