ಕೂಸಿಲ್ಲದ ಬಾಣಂತನ

ಉದ್ಯಮಬಾಗ, ಬೆಳಗಾವಿ
೨೧ ನವೆಂಬರ್ ೨೦೨೪

ನನ್ನ ಪೂರ್ಣಿಮಾಗೆ,

ಇಲ್ಲಿ ಭಟ್ಟಿ ಉರಿಯುತ್ತಿದೆ, ಬ್ರೆಡ್ ಉಬ್ಬುತ್ತಿದೆ, ನನ್ನ ಮೊಣಕಾಲು ಮಾತ್ರ ಮಾತು ಕೇಳುತ್ತಿಲ್ಲ. ಅಲ್ಲಿ ಖಾನಾಪುರದಲ್ಲಿ ನೀನು, ಬಸವಪ್ರಸಾದ, ನಿನ್ನ ಅತ್ತೆ ಬಾಳವ್ವನವರು ಹೇಗಿದ್ದೀರಿ ಎಂದು ಕೇಳುವುದು ಪದ್ಧತಿ. ಕೇಳಿದ್ದೇನೆ. ಆರಾಮ ಎಂದೇ ಬರೆಯುತ್ತೀ, ಅದಕ್ಕೆ ಉತ್ತರ ಕಾಯುವುದಿಲ್ಲ.

ನಿನ್ನ ಪತ್ರ ಬಂದು ವಾರ ದಾಟಿತು. ತಡಮಾಡಿದ್ದನ್ನು ಹೊಟ್ಟೆಗೆ ಹಾಕಿಕೋ. ಫೋನು ದಿನಾ ಮಾಡುತ್ತೇವೆ, ಖರೇ. ನಾನು "ಊಟ ಆತ?" ಅನ್ನುತ್ತೇನೆ, ನೀನು "ಆತು, ನಿಂದು?" ಅನ್ನುತ್ತೀ. ಇಷ್ಟು ಮಾತಿಗೆ ತಿಂಗಳಿಗೊಮ್ಮೆ ರಿಚಾರ್ಜು. ಆದ್ದರಿಂದ ನೀನು ಕಾಗದದ ಮೇಲೆ ಬರೆದು, ಕರೆಪ್ಪನ ಟೆಂಪೋದಲ್ಲಿ ಖಾಲಿ ಟ್ರೇಗಳ ನಡುವೆ ಇಟ್ಟು ಕಳಿಸಿದ್ದು ನೋಡಿ ಜೀವಕ್ಕೆ ಹಗುರಾಯಿತು. ಇದೂ ಅದೇ ಟ್ರೇಯಲ್ಲಿ ಬರುತ್ತದೆ. ಕಲೆ ಕಂಡರೆ ಅವ್ವ ಅತ್ತಿದ್ದಾಳೆ ಎಂದು ತಿಳಿಯಬೇಡ, ಅದು ಖಾರಿ ಬಿಸ್ಕೀಟಿನ ಡಾಲ್ಡಾ.

ಎರಡು ಪುಟದ ತುಂಬ ಲ್ಯಾಬಿನಲ್ಲಿ ನೀನು ಪರೀಕ್ಷೆ ಮಾಡುವ ಈಸ್ಟಿನ ಬಗ್ಗೆಯೇ ಬರೆದಿದ್ದೀ. ಐದನೇ ತಿಂಗಳಲ್ಲಿ ಹೋದ ಕೂಸಿನ ಬಗ್ಗೆ ಒಂದು ಅಕ್ಷರವಿಲ್ಲ. ಆಸ್ಪತ್ರೆಯಿಂದ ಬಂದು ವಾರ ತುಂಬುವ ಮೊದಲೇ ಮತ್ತೆ ರೈಲು ಹತ್ತಿ ಬೆಳಗಾವಿಗೆ, ಲ್ಯಾಬಿಗೆ, ಹೊರಟದ್ದರ ಬಗ್ಗೆಯೂ ಇಲ್ಲ. ಜಮಾ ಎಲ್ಲ ಬರೆದು ಖರ್ಚಿನ ಬಾಜು ಖಾಲಿ ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಅವರ ಮುಖ ನೋಡಿದರೆ ಸಾಕು, ಖಾಲಿ ಬಾಜುವಿನಲ್ಲಿ ಏನಿದೆ ಎಂದು ಗೊತ್ತಾಗುತ್ತದೆ.

ಆದರೂ ಓದಿದೆ. ಚಯಾಪಚಯ ಎಂಬ ಶಬ್ದವನ್ನು ನಾಲಗೆಯ ಮೇಲೆ ಕೂಡಿಸುವುದಕ್ಕೇ ಅರ್ಧ ದಿನ ಹಿಡಿಯಿತು. ತಿಳಿದಷ್ಟು ತಿರುಗಿ ಒಪ್ಪಿಸುತ್ತೇನೆ, ತಪ್ಪಿದ್ದರೆ ಮಾರ್ಕು ಕಡಿ. ಈಸ್ಟಿನ ಒಂದೊಂದು ಕೋಶಕ್ಕೂ ಎರಡು ಕೆಲಸ. ಒಂದು, ಸಕ್ಕರೆ ಉಂಡು ಅರಗಿಸಿ ಬಲ ಮಾಡಿಕೊಳ್ಳುವುದು. ಅದು ಒಂದೇ ಸಮ ನಡೆಯುವುದಿಲ್ಲ, ಉಸಿರಿನ ಹಾಗೆ ಏರುತ್ತದೆ, ಇಳಿಯುತ್ತದೆ. ಇನ್ನೊಂದು, ಮೈಮೇಲೆ ಮೊಗ್ಗು ಬಿಟ್ಟು, ಅದನ್ನು ಬೆಳೆಸಿ, ಬೇರೆ ಮಾಡಿ, ಒಂದಿದ್ದದ್ದು ಎರಡಾಗುವುದು. ಆ ಮೊಗ್ಗಿಗೆ ನೀವು ಮಗಳು ಎಂದೇ ಅನ್ನುತ್ತೀರಂತೆ. ಎರಡೂ ಕೆಲಸ ಒಂದೇ ನೊಗದ ಎತ್ತುಗಳ ಹಾಗೆ ಜೋಡಿಯಾಗಿ ನಡೆಯುತ್ತವೆ. ಮೈ ತುಂಬಿರಬೇಕು, ಉಣ್ಣಲಿಕ್ಕೆ ಇರಬೇಕು, ಒಳಗಿನ ಏರಿಳಿತದ ಸರಿಯಾದ ಹೊತ್ತೂ ಕೂಡಿ ಬರಬೇಕು, ಆಗ ಮೊಗ್ಗು. ಒಮ್ಮೆ ಹೂಂ ಅಂದ ಮೇಲೆ ತಿರುಗುವ ದಾರಿಯಿಲ್ಲ.

ಇಷ್ಟನ್ನು ಉಸ್ತಾದರಿಗೆ ಓದಿ ಹೇಳಿದೆ. ದಸ್ತಗೀರಸಾಬರು ಭಟ್ಟಿ ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ಮುಂಜಾನೆ ಬಂದು ಕಟ್ಟೆಯ ಮೇಲೆ ಕೂತು ನನ್ನ ಹಿಟ್ಟಿಗೆ ಹೆಸರಿಡುವುದನ್ನು ಬಿಟ್ಟಿಲ್ಲ. ಕೆಲಸ ಕಲಿಸಿದವರು ತಾವು, ತಪ್ಪು ಹುಡುಕುವ ಹಕ್ಕೂ ತಮ್ಮದು ಎಂಬ ಲೆಕ್ಕ.

"ಖಮೀರಿಗೆ ಇಷ್ಟೆಲ್ಲಾ ಕಾಯ್ದೆ ಐತೇನವ್ವಾ?" ಅಂದರು. ಈಸ್ಟಿಗೆ ಅವರ ಬಾಯಲ್ಲಿ ಇನ್ನೂ ಖಮೀರೇ ಹೆಸರು. "ನಾವು ಬರೇ ಹಿಟ್ಟು, ನೀರು, ಅಲ್ಲಾನ ಹೆಸರು ಅಂತಿದ್ವಿ."

"ಅದಕ್ಕ ನಿಮ್ಮ ಪಾವು ಒಂದಿನ ಹತ್ತಿ ಆದ್ರ ಒಂದಿನ ಕಲ್ಲು ಆಗ್ತಿತ್ತು," ಅಂದೆ.

ನಕ್ಕರು. ಮುಂದಿನ ಮಾತು ಓದಿದಾಗ ನಗಲಿಲ್ಲ. ನೀನು ಔಷಧಿ ಹಾಕಿ ಕೋಶ ಎರಡಾಗುವುದನ್ನು ತಡೆದು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕಾದೆಯಂತೆ. ಮೊಗ್ಗಿಲ್ಲ, ಮಗಳಿಲ್ಲ, ಆದರೂ ಒಳಗಿನ ಏರಿಳಿತ ನಡೆದೇ ಇತ್ತಂತೆ. ಒಂದು ಎತ್ತು ಕುಸಿದು ಕೂತರೂ ಇನ್ನೊಂದು ತನ್ನ ಹೆಜ್ಜೆ ಬಿಡಲಿಲ್ಲ.

ಉಸ್ತಾದರು ಕಟ್ಟೆಯಿಂದ ಇಳಿದು ಭಟ್ಟಿಗೆ ಒಂದು ಕಟ್ಟಿಗೆ ಒಟ್ಟಿದರು. ಆಮೇಲೆ, "ಆ ಉಂಡಿ ಡಬ್ಬಿ ಯಾಕ ತಿರುಗಿ ಬಂತು?" ಅಂದರು.

ಡಬ್ಬಿಯ ಸಂಗತಿ ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ನೀನು ಆಸ್ಪತ್ರೆಯಿಂದ ಮನೆಗೆ ಹೋದ ಮರುದಿನ ನಾನು ಅಂಟಿನ ಉಂಡಿ ಕಟ್ಟಿ ಕಳಿಸಿದ್ದೆ. ಮಗಳ ಹೊಟ್ಟೆ ಹಗುರಾದರೆ ತವರಿನಿಂದ ಅಂಟಿನ ಉಂಡಿ ಹೋಗಬೇಕು, ಕೈಗೆ ಅಷ್ಟೇ ಗೊತ್ತು. ಒಣಕೊಬ್ಬರಿ ತುರಿಯಿತು, ಅಂಟು ಹುರಿಯಿತು, ಉಂಡಿ ಕಟ್ಟಿತು. ತೊಟ್ಟಿಲು ಖಾಲಿ ಇದೆ ಎನ್ನುವುದು ಕರೆಪ್ಪ ಡಬ್ಬಿಯನ್ನು ತಿರುಗಿ ತಂದು ಎದುರಿಗಿಟ್ಟಾಗ ನೆನಪಾಯಿತು. ಮುಚ್ಚಳವನ್ನೂ ತೆಗೆದಿರಲಿಲ್ಲ. "'ಬಾಣಂತಿ ಇಲ್ಲದ ಮನಿಗೆ ಇದ್ಯಾಕ' ಅಂದ್ರ ಬಾಳವ್ವಾರ" ಎಂದು ನೆಲ ನೋಡುತ್ತ ಹೇಳಿದ.

"ಮದರಬೀ ಇದ್ದಿದ್ರ ಡಬ್ಬಿ ಕಳಸ್ತಿರಲಿಲ್ಲ," ಅಂದರು ಉಸ್ತಾದರು. ತೀರಿಹೋದ ಹೆಂಡತಿಯನ್ನು ನೆನೆಯದೆ ಅವರ ದಿನ ಹೋಗುವುದಿಲ್ಲ. "ತಾನ ಹೋಗ್ತಿದ್ಲು."

ನಾನೂ ಹೋದೆ. ಮೊನ್ನೆ ಖಾನಾಪುರ ದಾಟಿ ಗುಂಜಿಗೆ ಬ್ರೆಡ್ ಒಯ್ಯುವ ಟೆಂಪೋ ಹತ್ತಿ, ನೀನು ಲ್ಯಾಬಿನಲ್ಲಿರುವ ಹೊತ್ತು ನೋಡಿ ನಿಮ್ಮ ಮನೆಯ ಮುಂದೆ ಇಳಿದೆ. ಜಗಳಕ್ಕೆ ಬೇಕಾದ ಮಾತನ್ನೆಲ್ಲ ದಾರಿಯಲ್ಲಿ ಹೊಂದಿಸಿಕೊಂಡಿದ್ದೆ.

"ಬರ್ರಿ ಬೀಗತೇರ, ಕುಂದರ್ರಿ," ಅಂದರು ಬಾಳವ್ವನವರು. ಚಹಾ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ತಾವೇ ಶುರು ಮಾಡಿದರು. "ಡಬ್ಬಿ ಸಿಟ್ಟಿಲೆ ಕಳಸಲಿಲ್ರೀ. ಅಡಗಿಮನ್ಯಾಗ ಅಕಿ ಕಣ್ಣಿಗೆ ಬಿದ್ರ ಹೆಂಗಪಾ ಅಂತ ಹೆದರಿ ಕಳಸೀನಿ."

"ಹಂಗಾದ್ರ ಅಕಿನ್ನ ನನ್ನ ಕೂಡ ಕಳಸ್ರಿ," ಅಂದೆ. "ಬಾಣಂತನ ಮಾಡ್ತೀನಿ."

"ಕೂಸಿಲ್ಲದ ಬಾಣಂತನಾ? ಎಲ್ಲೆರೆ ಕೇಳೀರೇನ್ರಿ? ಮಂದಿ ಏನಂದಾರು?"

"ಮಂದಿ ಬಾಯಿಗೆ ನಾನು ದಿನಾ ಬ್ರೆಡ್ ಹಾಕ್ತೀನ್ರೀ. ಆದ್ರೂ ಮುಚ್ಚಂಗಿಲ್ಲ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಎಂದುಕೊಂಡೆ. ಅಲ್ಲ. "ಅಕಿ ಮುಂಜಾನೆ ಎಲ್ಲಾರಕಿಂತ ಮೊದಲ ಎದ್ದು ಕುಪ್ಪಸ ತೊಳದು ಹಿತ್ತಲದಾಗ ಒಣಹಾಕ್ತಾಳ್ರೀ," ಅಂದರು. "ಹಾಲು ಬರಾಕತ್ತೈತಿ ಅಕಿಗೆ. ನಾನು ನೋಡಿಯೂ ನೋಡಲಾರದಂಗ ಇದ್ದೀನಿ. ಏನಂತ ಕೇಳ್ಲಿ?"

ನಾನು ಒಯ್ದ ಜಗಳ ಅಲ್ಲೇ ಉಳಿಯಿತು. ಕೈಯಲ್ಲಿದ್ದ ಚಹಾ ಆರಿತು. ಸ್ವಲ್ಪ ಹೊತ್ತಿನ ಮೇಲೆ ನಿನ್ನ ಈಸ್ಟಿನ ಕಥೆ ಹೇಳಿದೆ. ಮೊಗ್ಗು ನಿಂತರೂ ಒಳಗಿನ ಕೆಲಸ ನಿಲ್ಲುವುದಿಲ್ಲ, ಮೈ ತನ್ನ ತಾಳ ತಾನು ಹಾಕಿಕೊಂಡು ಹೋಗುತ್ತದೆ ಎಂದೆ. ಅವರು ಗಲ್ಲಕ್ಕೆ ಕೈ ಹಚ್ಚಿ ಕೇಳಿದರು.

"ಈಸ್ಟು ನನಗ ಗೊತ್ತಿಲ್ರೀ, ಎಮ್ಮಿ ಗೊತ್ತೈತಿ," ಅಂದರು. "ಕರ ಸತ್ತ ಎಮ್ಮಿಗೂ ಹಾಲು ಇಳಿತೈತಿ. ಅದಕ್ಕ ನಾವು ಬಿಸಿನೀರು ಹಾಕ್ತೀವಿ, ಜ್ವಾಳದ ನುಚ್ಚು ಕುದಿಸಿ ತಿನಸ್ತೀವಿ, ಮೈ ಸವರತೀವಿ. ಕರ ಇಲ್ಲಲಾ, ನಿನಗ್ಯಾಕ ಅಂತ ಕೇಳಂಗಿಲ್ಲ." ಆಮೇಲೆ ತಮ್ಮ ಮಾತು ತಾವೇ ಕೇಳಿಸಿಕೊಂಡವರ ಹಾಗೆ ಗಲ್ಲದ ಮೇಲಿನ ಕೈ ತೆಗೆದರು. "ಎಮ್ಮಿಗೆ ಮಾಡಿದ್ದು ಸೊಸಿಗೆ ಮಾಡಲಿಲ್ಲ ನೋಡ್ರಿ. ಕರ್ಕೊಂಡು ಹೋಗ್ರಿ. ಆದ್ರ ಅಕಿ ಒಪ್ಪಬೇಕಲ್ಲ."

ಅದೊಂದೇ ಈಗ ಉಳಿದಿರುವುದು, ಪೂರ್ಣಿ. ನೀನು ಒಪ್ಪಬೇಕು. ಯಾಕೆ ಒಪ್ಪುವುದಿಲ್ಲ ಎನ್ನುವುದೂ ನನಗೆ ಗೊತ್ತಿದೆ. ನಿನ್ನ ಪತ್ರದಲ್ಲಿ ಒಂದು ಸಾಲಿದೆ: "ತಾಯಿಕೋಶಕ್ಕೆ ಆಹಾರ ಸಾಲದಿದ್ದರೆ ಮೊಗ್ಗು ಬಿಡುವುದಿಲ್ಲ." ಅದರ ಕೆಳಗೆ ಗೆರೆ ಎಳೆದಿದ್ದೀ. ಪೆನ್ನು ಒತ್ತಿದ್ದಕ್ಕೆ ಕಾಗದ ಹರಿದಿದೆ. ಲ್ಯಾಬಿನಲ್ಲಿ ನಿಂತೇ ಇದ್ದೆ, ಮಧ್ಯಾಹ್ನದ ಬುತ್ತಿ ಸಂಜೆಗೆ ಬಿಚ್ಚುತ್ತಿದ್ದೆ, ಅದಕ್ಕೇ ಹೀಗಾಯಿತು ಎಂದು ನಿನಗೆ ನೀನೇ ತೀರ್ಪು ಕೊಟ್ಟುಕೊಂಡಿದ್ದೀ. ತಪ್ಪು ಮಾಡಿದವಳಿಗೆ ಬಾಣಂತನ ಯಾಕೆ ಎಂದು ಕೆಲಸಕ್ಕೆ ನಿಂತಿದ್ದೀ.

ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿದ ಡಾಕ್ಟರಮ್ಮನ ಎದುರು ನಾನು ಕೂತು ಕೇಳಿ ಬಂದೆ. "ಊಟ ತಡ ಆಗಿದ್ದಕ್ಕ ಅಲ್ರೀ, ನಿಂತು ಕೆಲಸ ಮಾಡಿದ್ದಕ್ಕೂ ಅಲ್ಲ," ಅಂದರು. "ಕೂಸು ಕಟ್ಟೂವಾಗನ ದೋಷ ಇತ್ತು. ಯಾರ ಕೈಯಾಗಿನ ಮಾತೂ ಅಲ್ಲ." ಎರಡು ಸಲ ಹೇಳಿಸಿದೆ. ಅಗ್ಗದ ಸಮಾಧಾನವನ್ನು ನಾನು ಯಾರಿಗೂ ಮಾರುವುದಿಲ್ಲ, ನಿನಗಂತೂ ಇಲ್ಲ.

ಈಸ್ಟಿನ ಕಾಯ್ದೆ ಈಸ್ಟಿಗಿರಲಿ. ಹಚ್ಚಿಕೊಳ್ಳಲೇಬೇಕಾದರೆ ಪುಸ್ತಕದಲ್ಲಿದ್ದ ಕಾಯ್ದೆಯನ್ನು ಬಿಟ್ಟು ನೀನೇ ಕಣ್ಣಾರೆ ಕಂಡದ್ದನ್ನು ಹಚ್ಚಿಕೋ. ನಿನ್ನ ಮೈ ಐದು ತಿಂಗಳು ತಾಯಿಯಾಗಲು ತಯಾರಿ ನಡೆಸಿತು. ಕೂಸು ಹೋದ ಸುದ್ದಿ ಅದಕ್ಕೆ ಮುಟ್ಟಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಅದನ್ನು ಹಿತ್ತಲಿನಲ್ಲಿ ಒಣಹಾಕಿ ಬಚ್ಚಿಡುವುದು ಬೇಡ.

ರವಿವಾರ ಬಾ. ಬಸವಪ್ರಸಾದ ಕರೆತರುತ್ತಾನೆ, ಬಾಳವ್ವನವರೇ ಹೇಳಿದ್ದಾರೆ. ಲ್ಯಾಬಿನ ಈಸ್ಟು ಫ್ರಿಜ್ಜಿನಲ್ಲಿ ಇರಲಿ. ತಂಪಿನಲ್ಲಿ ಅದು ಸಾಯುವುದಿಲ್ಲ, ಕಾಯುತ್ತದೆ, ಇಷ್ಟು ವಿಜ್ಞಾನ ನನಗೂ ಬರುತ್ತದೆ. ಎಣ್ಣೆ ಹಚ್ಚಿ ಎರೆಯುತ್ತೇನೆ, ತಲೆಗೆ ಬಟ್ಟೆ ಕಟ್ಟುತ್ತೇನೆ, ಹೊಟ್ಟೆ ಕಟ್ಟುತ್ತೇನೆ. ಹಾಲು ತಾನಾಗಿ ಇಂಗುವ ತನಕ ಏನು ಮಾಡಬೇಕೆಂದು ಡಾಕ್ಟರಮ್ಮನನ್ನು ಕೇಳಿಟ್ಟುಕೊಂಡಿದ್ದೇನೆ. ನೋಡಲು ಬಂದವರಿಗೆ ಖಾರಿ ಕೊಟ್ಟು ಬಾಗಿಲಿನಿಂದಲೇ ಕಳಿಸುತ್ತೇನೆ. ನೀನು ಮಲಗು. ಅಳಬೇಕೆನಿಸಿದರೆ ಅಳು, ಈಸ್ಟಿನ ಮಾತಾಡಬೇಕೆನಿಸಿದರೆ ಅದನ್ನೇ ಆಡು. ಉಸ್ತಾದರು ಕೇಳಲಿಕ್ಕೆ ತಯಾರಿದ್ದಾರೆ.

ನಿನ್ನ ಮೈ ತುಂಬಲಿ, ಮನಸ್ಸು ತಣ್ಣಗಾಗಲಿ. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಅಕ್ಕವ್ವ

ತಾ.ಕ.: ಕುಪ್ಪಸದ ಮಾತು ಕೇಳಿ ನಾನ್ಯಾಕೆ ಸುಮ್ಮನಾದೆ ಎನ್ನುವುದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನಗಿಂತ ಮೊದಲು ನನಗೊಂದು ಗಂಡು ಕೂಸು ಇತ್ತು. ಆರನೇ ತಿಂಗಳಲ್ಲಿ ಹೋಯಿತು. ನಿನ್ನ ಅಪ್ಪನೂ ನಾನೂ ಆಗ ರವಿವಾರ ಪೇಟೆಯ ಹಿಂದೆ ಬಾಡಿಗೆ ಇದ್ದೆವು, ನಾನು ಉಸ್ತಾದರ ಭಟ್ಟಿಯಲ್ಲಿ ಬ್ರೆಡ್ಡಿನ ಡಬ್ಬಿ ತೊಳೆಯುತ್ತಿದ್ದೆ. ತವರಿನಿಂದ ಯಾರೂ ಬರಲಿಲ್ಲ. ಕೂಸಿಲ್ಲವಲ್ಲ, ಯಾತಕ್ಕೆ ಬರಬೇಕು. ಕೆಲಸಕ್ಕೆ ಹೋದೆ. ಡಬ್ಬಿ ತೊಳೆಯುತ್ತ ಎದೆ ಒದ್ದೆಯಾಯಿತು, ನೀರು ಸಿಡಿಯಿತು ಅಂದೆ. ಎಲ್ಲರೂ ನಂಬಿದರು, ಮದರಬೀ ನಂಬಲಿಲ್ಲ. ಕೈ ಹಿಡಿದು ಒಳಗೊಯ್ದು, ಭಟ್ಟಿಯ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಕೂಡಿಸಿ, ತಮ್ಮ ಓಢಣಿ ಹೊದಿಸಿದರು. "ಕೂಸು ಹೋತು, ತಾಯಿ ಎಲ್ಲಿ ಹೋದ್ಲು? ಇಲ್ಲೇ ಅದಾಳಲ್ಲ," ಅಂದರು. ಆ ಒಂದು ಮಧ್ಯಾಹ್ನವೇ ನನ್ನ ಬಾಣಂತನ.

ನಮ್ಮ ಮನೆ ಕಟ್ಟುವಾಗ ಒಳಕೋಣೆಯನ್ನು ಭಟ್ಟಿಗೆ ಹಚ್ಚಿ ಕಟ್ಟಿಸಿದ್ದಕ್ಕೆ ಬೇಸಿಗೆ ಬಂದಾಗಲೆಲ್ಲ ನೀನು ನನ್ನನ್ನು ಬೈಯುತ್ತಿದ್ದಿ. ನೀನು ಮಲಗುವ ಹೊರಸನ್ನು ಆ ಭಟ್ಟಿಯ ಗೋಡೆಗೇ ಹಚ್ಚಿ ಹಾಕಿದ್ದೇನೆ. ಈಗಷ್ಟೇ ಮುಟ್ಟಿ ನೋಡಿ ಬಂದೆ. ಬೆಚ್ಚಗಿದೆ.