ನನ್ನಣ್ಣ ಒತ್ತಿದ ಕೆಂಪು ಬಟನ್

ಕಾರ್ಮಿಕರ ಆರೋಗ್ಯ ನೆರವು ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಇಚಲಕರಂಜಿಯ ಮಗ್ಗದ ಕಾರ್ಮಿಕ ಪರಪ್ಪ ತನ್ನ ಹೃದಯದ ಶಸ್ತ್ರಚಿಕಿತ್ಸೆಗೆ ಹಾಕಿದ ಅರ್ಜಿಯನ್ನು ‘ಸ್ವಇಚ್ಛೆಯಿಂದ ಹಿಂಪಡೆದಿದ್ದಾರೆ’ ಎಂದು ನಿಮ್ಮ ಕಚೇರಿ ಬರೆದುಕೊಟ್ಟಿದೆ. ದಿನಾಂಕ ಸರಿಯಾಗಿದೆ. ಗಂಟೆ, ನಿಮಿಷ ಕೂಡ ಸರಿಯಾಗಿವೆ. ‘ಸ್ವಇಚ್ಛೆಯಿಂದ’ ಎನ್ನುವುದು ಸುಳ್ಳು. ಪರಪ್ಪ ನನ್ನ ಅಣ್ಣ. ಈಗ ಅವನಿಲ್ಲ. ಅವನು ಅರ್ಜಿ ಹಿಂಪಡೆಯಲಿಲ್ಲ, ನಿಮ್ಮ ಪರದೆಯ ಮೇಲಿದ್ದ ಒಂದು ಕೆಂಪು ಬಟನ್ ಒತ್ತಿದ. ಅದನ್ನು ಅವನು ಯಾಕೆ ಒತ್ತಿದ ಎಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದಲು ಬರದಿದ್ದರೆ ಬರುವವರನ್ನು ಹುಡುಕಿ, ಸರದಿಯಲ್ಲಿ ನಿಲ್ಲಿ, ಅವರು ಊಟಕ್ಕೆ ಹೋಗಿದ್ದರೆ ಕಾಯಿರಿ. ನಾವು ಇದನ್ನೆಲ್ಲ ಮಾಡುತ್ತಲೇ ಬಂದಿದ್ದೇವೆ, ಅಭ್ಯಾಸವಾದರೆ ಅಷ್ಟೇನೂ ಕಷ್ಟವಿಲ್ಲ. ಆದರೆ ದಯವಿಟ್ಟು ಇದನ್ನು ಭಾಷೆಯ ಜಗಳವೆಂದು ಬದಿಗೆ ಸರಿಸಬೇಡಿ. ಮರಾಠಿ ನಮ್ಮ ಅಂಗಡಿಯ ಮಾತು, ಶಾಲೆಯ ಮಾತು, ನಮ್ಮ ಅರ್ಧ ಬೈಗುಳಗಳೂ ಅದರಲ್ಲೇ ಇವೆ. ನಿಮ್ಮ ಪರದೆಯ ಮರಾಠಿಯನ್ನು ಅಣ್ಣ ಓದಬಲ್ಲವನಾಗಿದ್ದ. ಹೇಳಬೇಕಾದದ್ದನ್ನು ಆ ಪರದೆ ಅವನಿಗೆ ಯಾವ ಭಾಷೆಯಲ್ಲೂ ಹೇಳಲಿಲ್ಲ.

ಅಣ್ಣ ಮೂವತ್ತನಾಲ್ಕು ವರ್ಷ ಮಗ್ಗ ನಡೆಸಿದ. ಮೊದಲು ಹ್ಯಾಂಡಲ್ ಎಳೆಯುವ ಹಳೆಯ ಪವರ್‌ಲೂಮ್, ಕೊನೆಯ ಹತ್ತು ವರ್ಷ ಬಟನ್ ಇರುವ ಆಟೋಲೂಮ್. ಮಗ್ಗ ಕಲಿಯಲು ಬಂದವನಿಗೆ ಮೊದಲ ದಿನ ನೇಯುವುದನ್ನು ಕಲಿಸುವುದಿಲ್ಲ, ನಿಲ್ಲಿಸುವುದನ್ನು ಕಲಿಸುತ್ತಾರೆ. ಎಳೆ ಹರಿಯಿತೋ, ಮೊದಲು ಕೆಂಪು. ಆಮೇಲೆ ಗಂಟು. ಆಮೇಲೆ ಹಸಿರು. ನಿಲ್ಲಿಸಿದ್ದರಿಂದ ಏನೂ ಕಳೆದುಹೋಗುವುದಿಲ್ಲ. ನೇಯ್ದದ್ದು ನೇಯ್ದಲ್ಲೇ ಇರುತ್ತದೆ, ಬಿಟ್ಟ ಜಾಗದಿಂದ ಮತ್ತೆ ಹಿಡಿಯಬಹುದು. ನಿಲ್ಲಿಸದೆ ಬಿಟ್ಟರೆ ಕೆಟ್ಟ ಬಟ್ಟೆ ಮಾರುಗಟ್ಟಲೆ ಹೊರಬರುತ್ತದೆ, ಮಾಲೀಕನ ಬಾಯಿಯೂ ಅಷ್ಟೇ ಉದ್ದಕ್ಕೆ ತೆರೆಯುತ್ತದೆ. ಅಣ್ಣ ಒಂದೊಂದು ಪಾಳಿಯಲ್ಲಿ ಎಷ್ಟು ಸಲ ಹೀಗೆ ನಿಲ್ಲಿಸಿದ್ದಾನೋ ಲೆಕ್ಕವಿಲ್ಲ. ಅವನ ಹೆಬ್ಬೆರಳಿಗೆ ಕೆಂಪು ಎಂದರೆ ‘ತಡಿ, ಸರಿ ಮಾಡೋಣ’. ಹೀಗೆ ಕಲಿತ ಬೆರಳುಗಳು ಈ ಊರಿನಲ್ಲಿ ಸಾವಿರಾರು ಇವೆ. ಪರದೆಯನ್ನು ಇಲ್ಲಿ ತಂದು ನಿಲ್ಲಿಸುವ ಮೊದಲು ನಿಮ್ಮ ಪೈಕಿ ಒಬ್ಬರಾದರೂ ಒಂದು ಪಾಳಿ ಷೆಡ್ಡಿನಲ್ಲಿ ನಿಂತು ನೋಡಿದ್ದರೇ?

ಕಳೆದ ಚಳಿಗಾಲದಲ್ಲಿ ಕೊಲ್ಹಾಪುರದ ವೈದ್ಯರು ಅಣ್ಣನ ಹೃದಯದ ಕವಾಟ ಬದಲಿಸಬೇಕು, ತಡ ಮಾಡಬೇಡಿ ಎಂದರು. ಅಣ್ಣನಿಗೆ ಹೆದರಿಕೆ. ಅತ್ತಿಗೆ ಗೌರವ್ವ ನೂಲು ಸುತ್ತುವ ಕಾಂಡಿ ಮಷೀನಿನಲ್ಲಿ ದುಡಿಯುವವಳು, ಮಾತಿನಲ್ಲಿ ಸೋಲುವವಳಲ್ಲ.

“ಎದಿ ಸೀಳ್ತಾರಂತ ಗೌರಾ. ಮಷೀನಿಗಿ ಹಚ್ಚಿ ಇಡ್ತಾರಂತ. ಬ್ಯಾಡಾಗೇತಿ ನನಗ.”

“ಮೂವತ್ತ ವರ್ಸ ಮಷೀನ್ ಮುಂದ ನಿಂತೀರಿ. ಒಂದ್ ದಿನಾ ಮಷೀನಿಗಿ ಹಚ್ಚಿಸ್ಕೊಂಡ ಮಲಗಾಕ ಏನ್ ಧಾಡಿ ನಿಮಗ?”

“ಮುಂದ ನಿಂತಾಂವಗ ಗೊತ್ತಿರತೈತಿ, ಅದು ಯಾವಾಗ ಕೈ ಕೊಡತೈತಿ ಅಂತ.”

ಇಬ್ಬರೂ ನಕ್ಕರು. ಮರುದಿನ ಬೆಳಿಗ್ಗೆ ಅಣ್ಣ ತಾನೇ ಕಾಗದದ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದು “ನಡೀಲೆ ಸಿದ್ರಾಮ, ಆಕಿ ಬಿಡೂದಿಲ್ಲ” ಎಂದ.

ನಿಮ್ಮ ನೆರವು ಕೇಂದ್ರದಲ್ಲಿ ಆಳೆತ್ತರದ ಪರದೆ ಇದೆ. ಅದರ ಮುಂದೆ ನೆಲದ ಮೇಲೆ ಹಳದಿ ಗೆರೆ. ಅರ್ಜಿದಾರ ಮಾತ್ರ ಗೆರೆ ದಾಟಬೇಕು, ಅವನ ಗೋಪ್ಯತೆ ಕಾಪಾಡಲು ಅಂತೆ. ಹಿಂದೆ ಆ ಜಾಗದಲ್ಲಿ ಒಬ್ಬ ಗುಮಾಸ್ತನಿದ್ದ. ಬೈಯುತ್ತಿದ್ದ, ನಿಜ. ಆದರೆ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸುತ್ತಿದ್ದ. ಈಗ ಬೈಗುಳವೂ ಇಲ್ಲ, ಬೆರಳೂ ಇಲ್ಲ. ಅಣ್ಣ ಪರದೆಯ ಮುಂದೆ, ನಾನು ಗೆರೆಯ ಈಚೆ. ಹೆಸರು ತುಂಬಿದ, ವಿಳಾಸ ತುಂಬಿದ, ವೈದ್ಯರ ಕಾಗದವನ್ನು ಕೆಳಗಿನ ಸ್ಕ್ಯಾನರ್ ಗಾಜಿನ ಮೇಲಿಟ್ಟ. ಪರದೆಯಲ್ಲಿ ಒಂದು ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು.

“ಸಿದ್ರಾಮ, ಇದ ಖಾಲಿನ ತಿರಗಾಕತ್ತೈತೆಲೊ. ಎಳಿ ಹರದಂಗ ಕಾಣತೈತಿ.”

“ನೆಟ್ ಸ್ಲೋ ಇದ್ದೀತು ಅಣ್ಣ, ತಡಿ.”

“ತಡದ್ರ ಕೆಡತೈತಿ. ಮದಲ ಬಂದ್ ಮಾಡ್ತೇನಿ.”

ಕೆಂಪು ಒತ್ತಿದ. ಒಂದು ಚೌಕ ಎದ್ದು ‘ತಮಗೆ ಖಚಿತವೇ?’ ಎಂದು ಕೇಳಿತು. ಯಾವುದರ ಬಗ್ಗೆ ಖಚಿತ? ಅದನ್ನು ಹೇಳಲಿಲ್ಲ. ಕೆಳಗೆ ಅಂಗೈಯಗಲ ಹಸಿರು ‘ಹೌದು’, ಪಕ್ಕದಲ್ಲಿ ಬೂದಿ ಬಣ್ಣದ ಸಣ್ಣ ‘ಇಲ್ಲ’. ಅಣ್ಣ ಗಾಜಿನ ಮೇಲಿನ ಕಾಗದವನ್ನು ಎತ್ತಿ, ಮಡಿಕೆ ಬಿಡಿಸಿ, ಸಪಾಟು ಮಾಡಿ ಮತ್ತೆ ಇಟ್ಟ. ಆಮೇಲೆ ಹಸಿರು ಒತ್ತಿದ. ಕೆಂಪು, ಗಂಟು, ಹಸಿರು. ಮೂವತ್ತನಾಲ್ಕು ವರ್ಷ ಒಂದು ದಿನವೂ ತಪ್ಪು ಮಾಡದ ಕೈ ಅದು. ಅಂದೂ ತಪ್ಪು ಮಾಡಲಿಲ್ಲ. ಪರದೆಯ ತುಂಬ ದೊಡ್ಡದೊಂದು ಹಸಿರು ಟಿಕ್ ಬಂತು, ಮೇಲೆ ‘ಧನ್ಯವಾದಗಳು’.

“ಆತ್ ನೋಡ್. ಟಿಕ್ ಬಿತ್ತು!”

ಟಿಕ್ಕಿನ ಕೆಳಗೆ ಬೂದಿ ಬಣ್ಣದ ಸಣ್ಣ ಅಕ್ಷರಗಳಲ್ಲಿ, ಅರ್ಜಿಯನ್ನು ಹಿಂಪಡೆಯಲಾಗಿದೆ ಎಂದು ಬರೆದಿತ್ತೆಂದು ಆಮೇಲೆ ತಿಳಿಯಿತು. ಗೆರೆಯ ಈಚೆಯಿಂದ ನನಗೆ ಕಾಣಲಿಲ್ಲ. ಕನ್ನಡಕವಿಲ್ಲದ ಅವನಿಗೆ ಗೆರೆಯ ಆಚೆಯೂ ಕಾಣಲಿಲ್ಲ. ನಾನು ಈ ಊರಿನ ಬೋರ್ಡು ಬರೆಯುವವ. ಅಂಗಡಿ ಬೋರ್ಡು, ಲಾರಿಯ ಹಣೆಯ ಮೇಲಿನ ಹೆಸರು, ಮಗ್ಗದ ಕಾರ್ಮಿಕರ ಮುಷ್ಕರದ ಎಷ್ಟೋ ಬ್ಯಾನರುಗಳು ನನ್ನ ಕೈಯವು. ಅಕ್ಷರ ಕಂಡಲ್ಲೆಲ್ಲ ನಿಂತು ಓದುವ ಚಟ ನನ್ನದು. ಅಂದು ನಾನೂ ಟಿಕ್ ನೋಡಿದೆ, ಅಕ್ಷರ ನೋಡಲಿಲ್ಲ. ಮನೆಗೆ ಬಂದೆವು. ಅತ್ತಿಗೆ ಸಿಹಿಗೆಂದು ಶಿರಾ ಮಾಡಿದಳು.

ಅರವತ್ತು ದಿನಗಳೊಳಗೆ ಕರೆ ಬರುತ್ತದೆಂದು ನಿಮ್ಮ ಕರಪತ್ರದಲ್ಲಿದೆ. ನಂಬಿ ಏಳು ವಾರ ಕಾದೆವು. ಎಂಟನೆಯ ವಾರದ ಮಂಗಳವಾರ ನಾನೊಬ್ಬನೇ ವಿಚಾರಿಸಲು ಹೋದೆ. ಕೇಂದ್ರದ ಮೂಲೆಯ ಮೇಜಿನಲ್ಲಿ ಕೂರುವ ಹುಡುಗಿ ಅರ್ಜಿಯ ಸಂಖ್ಯೆ ಹಾಕಿ ನೋಡಿ ತನ್ನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು.

“ಕಾಕಾ, ಇದ ವಿಡ್ರಾ ಆಗೇತ್ರಿ.”

“ವಿಡ್ರಾ ಅಂದ್ರ?”

“ಅರ್ಜಿ ಹಿಂದ ತಗೊಂಡಾರ. ಅದ ದಿನಾ. ಇನ್ನ ಆರ್ ತಿಂಗಳ ತನಾ ಹೊಸಾದು ಹಾಕಾಕ ಬರೂದಿಲ್ರಿ.”

“ಯಾಂವ ತಗೊಂಡಾನವಾ? ಟಿಕ್ ಬಿದ್ದದ್ದ ನಾನ ನೋಡೇನಿ.”

“ಟಿಕ್ ಎಲ್ಲಾಕ್ಕೂ ಬೀಳತೈತ್ರಿ ಕಾಕಾ. ವಾರಕ್ಕ ಮೂರ್ ನಾಕ್ ಮಂದಿ ಹಿಂಗ ಮಾಡ್ತಾರ. ಎಲ್ಲಾರೂ ಮಗ್ಗದವರ.”

“ಮ್ಯಾಲ ತಿಳಿಸಿಲ್ಲೇನ?”

“ಎರಡ ಸಲ ಬರದೇನ್ರಿ. ‘ಯೂಸರ್ ಎರರ್’ ಅಂತ ಉತ್ತರ ಬಂತು.”

ಅವಳ ಹೆಸರು ಬರೆಯುವುದಿಲ್ಲ. ಹುಡುಕಲೂ ಹೋಗಬೇಡಿ. ನಿಮ್ಮ ಇಡೀ ಕಚೇರಿಯಲ್ಲಿ ಆ ತಪ್ಪು ಕಂಡದ್ದು ಅವಳೊಬ್ಬಳಿಗೆ.

ತಕರಾರು ಬರೆದುಕೊಟ್ಟು ಬಂದೆ. ಮನೆಯಲ್ಲಿ ಹೇಳಲಿಲ್ಲ, ಸರಿ ಮಾಡಿಸಿಕೊಂಡೇ ಹೇಳೋಣ ಅಂದುಕೊಂಡೆ. ಗುರುವಾರ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯಲು ಎದ್ದ ಅಣ್ಣ ಬಚ್ಚಲ ಬಾಗಿಲಲ್ಲಿ ಕುಸಿದ. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅರ್ಜಿ ಹೋಗಿದೆ, ಕರೆ ಬರುತ್ತದೆ ಎಂದುಕೊಂಡೇ ಅವನು ಸತ್ತ. ಬೀದಿಯಲ್ಲಿ ನಿಂತು ಕೂಗಬೇಕಾದ ಮಾತುಗಳೆಲ್ಲ ನೆನಪಿವೆ, ಕೂಗಲು ಮನಸ್ಸು ಏಳುತ್ತಿಲ್ಲ. ಶಸ್ತ್ರಚಿಕಿತ್ಸೆ ಆಗಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಅದು ನನಗೆ ಗೊತ್ತಿಲ್ಲ. ಅದನ್ನು ನಿಮ್ಮ ತಲೆಗೆ ಕಟ್ಟಲು ನಾನು ಬಂದಿಲ್ಲ.

ಅವನು ಹೋದ ಹದಿನೈದು ದಿನಕ್ಕೆ ನನ್ನ ತಕರಾರಿಗೆ ನಿಮ್ಮ ಉತ್ತರ ಬಂತು. ಬಂದದ್ದು ಅತ್ತಿಗೆಯ ಕೈಗೆ. ಮರಾಠಿ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು. ಎರಡು ಸಲ ಬೆರಳಿಟ್ಟು ಓದಿದಳು.

“ಸಿದ್ರಾಮ, ಸ್ವೇಚ್ಛೇನೆ ಅಂದ್ರ ತಮ್ಮ ಮನಸಿಲೇ ಅಲ್ಲೇನೊ?”

“ಹಂಗಲ್ಲ ವೈನಿ, ಬಟನ್ನಿಂದ ಆಗೇತಿ.”

“ಬ್ಯಾಡಾಗೇತಿ ಅಂದಿದ್ರು ನಿಮ್ಮಣ್ಣ. ನಾನ ದಬ್ಬಿ ಕಳಿಸಿದೆ. ಅಲ್ಲಿ ಹೋಗಿ ಬ್ಯಾಡಂತ ಒತ್ತಿ ಬಂದ್ರು. ಬಂದು ಶಿರಾ ತಿಂದ್ರು. ಅಷ್ಟ ದಿನಾ ನನ್ನ ಮುಂದ ನಕ್ಕೋತ ಕುಂತಿದ್ರಲ್ಲೊ!”

“ನಾ ಅಲ್ಲೇ ಇದ್ನೆಲ್ಲ ವೈನಿ. ಕಣ್ಣಾರೆ ನೋಡೇನಿ.”

“ನೀ ತಮ್ಮ. ನೀ ಅವರ ಕಡಿಂದನ ಹೇಳತಿ.”

ಗಂಡ ತನಗೆ ಎಂಟು ವಾರ ಸುಳ್ಳು ಹೇಳಿ, ಸಾಯಲು ಒಪ್ಪಿ ಕೂತಿದ್ದ ಎಂದು ಅವಳು ನಂಬಿದ್ದಾಳೆ. ಹಾಗೆ ನಂಬಿಸಿದ್ದು ನಿಮ್ಮ ಒಂದೇ ಒಂದು ಪದ.

ಆ ಪದ ಹಿಡಿದುಕೊಂಡು ಕೊಲ್ಹಾಪುರದ ನಿಮ್ಮ ಕಚೇರಿಗೆ ಬಂದೆ. ನೀವು ಸಿಗಲಿಲ್ಲ. ಪರದೆ ಮಾಡಿಸಿದ ವಿಭಾಗದ ಸಾಹೇಬರು ಸಿಕ್ಕರು. ಒಳ್ಳೆಯವರು, ಚಹಾ ತರಿಸಿದರು. ಕೆಂಪು ಎಂದರೆ ಅಪಾಯ, ಜಗತ್ತೇ ಒಪ್ಪಿದ ಸಂಕೇತ, ನಾವು ನಿಯಮದಂತೆ ಮಾಡಿದ್ದೇವೆ ಎಂದರು. ಗಡಹಿಂಗ್ಲಜದ ಕೇಂದ್ರದಲ್ಲೂ ಇದೇ ಪರದೆ ಇದೆ, ಅಲ್ಲಿ ಇಂಥ ಒಂದೂ ಪ್ರಕರಣವಿಲ್ಲ ನೋಡಿ ಎಂದು ಪಟ್ಟಿ ತೆರೆದು ತೋರಿಸಿದರು. ಗಡಹಿಂಗ್ಲಜದ ಜನ ಹೊಲಕ್ಕೆ, ಬಜಾರಿಗೆ ಹೋಗುವವರು ಸ್ವಾಮಿ. ಅವರ ಬೆರಳಿಗೆ ಮಗ್ಗದ ಪಾಠವಾಗಿಲ್ಲ. ಶಿರೋಳಿಯ ಫೌಂಡ್ರಿಯವನಿಗೆ ಕೆಂಪು ಎಂದರೆ ಕಾದ ಕಬ್ಬಿಣ, ಅವನು ನಿಮ್ಮ ಬಟನ್ ಹತ್ತಿರವೂ ಹೋಗಲಿಕ್ಕಿಲ್ಲ. ಜಗತ್ತು ಒಪ್ಪಿದೆ ಎನ್ನುತ್ತೀರಿ. ಒಪ್ಪಿಗೆ ಕೇಳಲು ಜಗತ್ತಿನ ಯಾವ ಯಾವ ಓಣಿಗೆ ಹೋಗಿದ್ದಿರಿ? ಒಂದೇ ಊರಿನವರು, ಒಂದೇ ಕಸುಬಿನವರು, ವಾರ ವಾರ ಅದೇ ಬಟನ್ ಒತ್ತುತ್ತಿದ್ದಾರೆಂದರೆ ತಪ್ಪು ಬೆರಳಿನದೋ, ಬಟನ್ನಿನದೋ? ನಿಮ್ಮ ಪಟ್ಟಿಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಅದನ್ನು ನೀವು ನಿಮ್ಮ ಪರ ಎಂದು ಓದಿಕೊಂಡಿರಿ.

ವಿನ್ಯಾಸ ದೊಡ್ಡ ಶಾಸ್ತ್ರ, ನಿಮಗೆ ತಿಳಿಯುವುದಿಲ್ಲ ಎಂದರು ಸಾಹೇಬರು. ಇರಬಹುದು. ನಾನು ಕಲಿತದ್ದು ಏಣಿಯ ಮೇಲೆ. ಬ್ಯಾನರಿಗೆ ಕುಂಚ ಹಚ್ಚುವ ಮುಂಚೆ ನಮ್ಮ ಕಾರ್ಮಿಕ ಸಂಘದಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು: ಓದುವವನು ಎಲ್ಲಿ ನಿಂತಿರುತ್ತಾನೆ, ಎಲ್ಲಿಂದ ಬರುತ್ತಿರುತ್ತಾನೆ? ಪಾಳಿ ಮುಗಿಸಿ ಸೈಕಲ್ ಮೇಲೆ ಹೋಗುವವನಿಗಾದರೆ ನಾಲ್ಕೇ ಪದ, ದಪ್ಪ ಅಕ್ಷರ. ಬೂದಿ ಬಣ್ಣದಲ್ಲಿ ಬರೆದಿದ್ದರೆ ನಮ್ಮ ಕಾರ್ಯದರ್ಶಿ ಏಣಿ ಸಮೇತ ನನ್ನನ್ನು ಓಡಿಸುತ್ತಿದ್ದ. ಓದುಗ ಓದದೆ ಹೋದರೆ ಬೈಗುಳ ಓದುಗನಿಗಲ್ಲ, ನನಗೆ. ನಿಮ್ಮ ಶಾಸ್ತ್ರದಲ್ಲಿ ಆ ಬೈಗುಳ ಯಾರಿಗೆ? ‘ಯೂಸರ್ ಎರರ್’ ಎನ್ನುವುದು ಬಹಳ ಅನುಕೂಲದ ಮಾತು. ಅದನ್ನು ಬರೆದ ಮೇಲೆ ಯಾರೂ ಕುರ್ಚಿಯಿಂದ ಏಳಬೇಕಾಗಿಲ್ಲ. ಯಂತ್ರ ಬರೆದಿಟ್ಟದ್ದನ್ನಷ್ಟೇ ನೋಡಿ, ಮೂರು ಸಾಲಿನ ಒಂದು ಕಾಗದದಲ್ಲಿ ಮನುಷ್ಯನ ಮನಸ್ಸನ್ನು ನಿರ್ಧರಿಸುವ ಅಧಿಕಾರ ನಿಮಗೆ ಕೊಟ್ಟವರು ಯಾರು? ಬೆರಳು ಒತ್ತಿದ್ದನ್ನು ಯಂತ್ರ ಬರೆದುಕೊಳ್ಳಲಿ. ಇಚ್ಛೆ ಏನಿತ್ತೆಂಬುದು ಅದಕ್ಕೆ ಹೇಗೆ ತಿಳಿಯಿತು?

ಈಗ ಕೇಳಿಕೆ. ನಿಲ್ಲಿಸುವ ಬಟನ್ ನಿಲ್ಲಿಸಲಿ, ಅಳಿಸದಿರಲಿ. ಅಳಿಸುವುದಿದ್ದರೆ ಏನನ್ನು ಅಳಿಸುತ್ತದೆಂದು ‘ಹೌದು’ ಅಕ್ಷರದಷ್ಟೇ ದಪ್ಪದಲ್ಲಿ ಹೇಳಲಿ. ಸಲ್ಲಿಸಿದ ಅರ್ಜಿಗೂ ಸತ್ತ ಅರ್ಜಿಗೂ ಒಂದೇ ಟಿಕ್ ಬೀಳುವುದನ್ನು ನಾಳೆಯಿಂದಲೇ ತಪ್ಪಿಸಿ. ಮಗ್ಗದವರ ಹಿಂಪಡೆದ ಅರ್ಜಿಗಳನ್ನೆಲ್ಲ ತೆಗೆದು, ಆರು ತಿಂಗಳ ನೆಪ ಹೇಳದೆ, ಒಬ್ಬೊಬ್ಬರ ಮನೆಗೂ ಹೋಗಿ ಕೇಳಿ. ಕೆಲವರು ಇನ್ನೂ ಕಾಯುತ್ತಿರಬಹುದು, ಟಿಕ್ ಬಿದ್ದಿದೆ ಎಂದುಕೊಂಡು.

ನನ್ನ ಅಣ್ಣನಿಗೆ ಇದರಿಂದ ಏನೂ ಆಗಬೇಕಾಗಿಲ್ಲ. ಗೌರವ್ವನ ಹೆಸರಿಗೆ ಒಂದು ಕಾಗದ ಬರೆಯಿರಿ. ನಿಮ್ಮ ಗಂಡ ಶಸ್ತ್ರಚಿಕಿತ್ಸೆ ಬೇಡವೆನ್ನಲಿಲ್ಲ, ನಮ್ಮ ಪರದೆ ತಪ್ಪಾಗಿತ್ತು. ಇಷ್ಟೇ ಸಾಕು. ಮರಾಠಿಯಲ್ಲಿದ್ದರೂ ನಡೆಯುತ್ತದೆ. ನಾನು ಹೇಳಿದರೆ ಅವಳು ನಂಬುತ್ತಿಲ್ಲ, ನಿಮ್ಮ ಮೊಹರನ್ನು ನಂಬುತ್ತಾಳೆ. ಆದ್ದರಿಂದ ಮೊಹರು ದಪ್ಪಗೆ ಬೀಳಲಿ. ಅಣ್ಣ ಹೋಗಿ ಎರಡು ತಿಂಗಳಾಯಿತು. ಅವಳು ಬೆಳಿಗ್ಗೆ ಎದ್ದು ಕಾಂಡಿ ಸುತ್ತಲು ಹೋಗುತ್ತಾಳೆ, ಸಂಜೆ ಬರುತ್ತಾಳೆ, ಅಡುಗೆ ಮಾಡುತ್ತಾಳೆ. ಇನ್ನೂ ಒಂದು ಸಲವೂ ಅತ್ತಿಲ್ಲ.

ಇಂತಿ,
ಅತ್ತಿಗೆಯನ್ನು ನಂಬಿಸಲಾಗದ ಮೈದುನ
ಸಿದ್ರಾಮ
ಇಚಲಕರಂಜಿ