ಏಳನೇ ಹೇಳಿಕೆ

ಆಗಸ್ಟ್ 4, ಸೋಮವಾರ. ರಾತ್ರಿ 2.10

ತೊಲೆಯ ಸಂದಿಯ ದೊಡ್ಡ ಹಲ್ಲಿ ಕೂಗಿ ಎಚ್ಚರವಾಯಿತು. ಎಲ್ಮಾಗೂ ಎಚ್ಚರ. ಹಾಲು ಕುಡಿದು ಅವಳು ಮಲಗಿದಳು, ನನ್ನ ನಿದ್ದೆ ಹೋಯಿತು. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವ ಚಟ ಇನ್ನೂ ಬಿಟ್ಟಿಲ್ಲ. ಅವಳಿಗೆ ಎಂಟು ತಿಂಗಳು.

ಎದ್ದದ್ದಕ್ಕೆ ಕೆಲಸವಾದರೂ ಆಗಲಿ ಎಂದು ಪ್ರಶ್ನಾವಳಿ ತೆಗೆದೆ. ಹದಿಹರೆಯದವರು ಮುಂದೆ ಏನಾಗಬೇಕೆಂದುಕೊಂಡಿದ್ದಾರೆ ಎಂದು ಅಳೆಯುವಂಥದ್ದು. ಒಂದೊಂದು ಹೇಳಿಕೆಗೂ ಒಂದರಿಂದ ಐದು ಅಂಕ — 'ಖಂಡಿತ ಇಲ್ಲ'ದಿಂದ 'ಖಂಡಿತ ಹೌದು'ವರೆಗೆ. ಇಂಡೊನೇಷ್ಯನ್‌ನಿಂದ ನಮ್ಮ ಮೆತೋ ಭಾಷೆಗೆ ತಂದಾಯಿತು. ಇನ್ನೊಬ್ಬರು ಮೂಲ ನೋಡದೆ ವಾಪಸ್ ಅನುವಾದಿಸಿಕೊಟ್ಟಿದ್ದಾರೆ. ಹೆಚ್ಚುಕಡಿಮೆ ಹೊಂದುತ್ತಿದೆ. ಏಳನೆಯದರ ಮೇಲೆ ಮಾತ್ರ ಅನುಮಾನ: 'ಮೂವತ್ತನೇ ವಯಸ್ಸಿನಲ್ಲಿ ನಾನು ಮಾಡುತ್ತಿರುವ ಕೆಲಸ ನನಗೆ ಕಣ್ಣಿಗೆ ಕಟ್ಟಿದಂತಿದೆ.' ಮುಂದಿನ ಜೋಳದ ಬೆಳೆಯ ಆಚೆಗೆ ಯಾರೂ ಮಾತಾಡದ ಬೆಟ್ಟದೂರಲ್ಲಿ ಮಕ್ಕಳಿಗೆ ಇದು ತಿಳಿಯುತ್ತದೆಯೇ?

ಆಚೆ ಮೂಲೆಯ ಕತ್ತಲಿಂದ ಅತ್ತೆಯ ದನಿ. "ಬೇರೆಯವರ ಮಕ್ಕಳು ಏನಾಗ್ತಾರೆ ಅಂತ ಕೇಳೋಕೂ ಸಂಬಳ ಕೊಡ್ತಾರೇನಮ್ಮಾ? ದೀಪ ಆರಿಸು, ನಿನ್ನ ಮಗಳು ಎದ್ದಾಳು."

ಆರಿಸಿದೆ.

ಆಗಸ್ಟ್ 7, ಗುರುವಾರ. ಸಂಜೆ

ಕುಪಾಂಗ್‌ನಿಂದ ಬೆಟ್ಟದ ಶಾಲೆಗೆ ಹೋಗಿ ಬಂದೆ. ಮಕ್ಕಳು ಹದಿನೇಳನೇ ತಾರೀಖಿನ ಸ್ವಾತಂತ್ರ್ಯ ದಿನದ ಕವಾಯತು ಮಾಡುತ್ತಿದ್ದವು. ನಾಫ್ತಾಲಿ ಮೇಷ್ಟ್ರು ಒಬ್ಬೊಬ್ಬರನ್ನೇ ಕಳಿಸಿದರು. ನಾನು ಹೇಳಿಕೆ ಓದಬೇಕು. ಮಗು ಅಂಕ ಕೊಟ್ಟು, ಮನಸ್ಸಿಗೆ ಏನು ಬಂತೋ ಗಟ್ಟಿಯಾಗಿ ಹೇಳಬೇಕು. ಮೊದಲೇ ಮಾತು ಕೊಡುತ್ತೇನೆ — ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ. ಕೊನೆಗೆ ನನ್ನ ಫೋನ್ ನಂಬರಿನ ಚೀಟಿ.

ಯುಬ್ಲಿನಾ, ಹದಿನೈದು ವರ್ಷ. ಚುರುಕು. 'ನನ್ನ ಕೆಲಸವನ್ನು ನಾನೇ ಆರಿಸಿಕೊಳ್ಳುತ್ತೇನೆ' ಎಂದು ಓದಿದಾಗ ನಕ್ಕಳು. "ಇದು ಗಂಡುಹುಡುಗರ ಪ್ರಶ್ನೆ ಅಕ್ಕಾ. ನಿಮ್ಮ ಕಾಗದ ಅದಲುಬದಲಾಗಿದೆ."

ಏಳನೆಯದಕ್ಕೆ ತಡೆಯದೆ ಐದು ಕೊಟ್ಟಳು. ಏನು ಕಾಣಿಸಿತು ಎಂದೆ.

"ದೊಡ್ಡ ಮನೆ. ಬಿಳಿ ನೆಲ, ದಿನಾ ಎರಡು ಸಲ ಒರೆಸ್ಬೇಕು. ಒಬ್ಬರು ಅಜ್ಜಿ ಇದ್ದಾರೆ, ಅವರಿಗೆ ಸ್ನಾನ ಮಾಡಿಸ್ಬೇಕು."

"ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಎಲೆಯಡಿಕೆ ಬಂತಲ್ಲ ಅಕ್ಕಾ. ನಮ್ಮ ಸೋದರಮಾವ ತಗೊಂಡ್ರು."

ಮದುವೆ ಗೊತ್ತಾಗಿದೆ, ಅತ್ತೆಮನೆ ನೋಡಿದ್ದಾಳೆ ಎಂದುಕೊಂಡೆ. ನನ್ನದೂ ಹಾಗೇ ಆದದ್ದು. ಹಿರಿಯರು ಬುಟ್ಟಿಗೆ ಕೈಹಾಕಿ ಅಡಿಕೆ ಬಾಯಿಗಿಟ್ಟರೆ ಮಾತು ಕೊಟ್ಟಂತೆ, ಹಿಂತೆಗೆಯುವ ಹಾಗಿಲ್ಲ. ಇಷ್ಟು ಬೇಗ ಬೇಡವಾಗಿತ್ತು ಅನ್ನಿಸಿತು. ಆದರೆ ಬರೆದುಕೊಂಡದ್ದು ಇಷ್ಟೇ: 'ಹೇಳಿಕೆ ಚೆನ್ನಾಗಿ ಅರ್ಥವಾಗಿದೆ.'

ಚೀಟಿಯನ್ನು ಮಡಚಿ ಚರ್ಚಿನ ಹಾಡುಪುಸ್ತಕದೊಳಗೆ ಇಟ್ಟುಕೊಂಡಳು.

ಆಗಸ್ಟ್ 15, ಶುಕ್ರವಾರ. ರಾತ್ರಿ 3

ಎಲ್ಮಾಗೆ ಹಲ್ಲು ಬರುತ್ತಿದೆ. ಒಂದು ವಾರ ಬರೆಯಲಾಗಲಿಲ್ಲ.

ಧ್ವನಿಮುದ್ರಣ ಕೇಳಿ ಬರೆದಿಳಿಸುತ್ತಿದ್ದೇನೆ. ಡೋರ್ಸಿ, ಅದೇ ತರಗತಿ. ಏಳನೆಯದಕ್ಕೆ ಅವಳದೂ ಐದು. ದೊಡ್ಡ ಮನೆ, ಬಿಳಿ ನೆಲ, ಅಜ್ಜಿಗೆ ಸ್ನಾನ. ಅವತ್ತು ಹೊರಗಿನ ಕವಾಯತಿನ ಗದ್ದಲದಲ್ಲಿ ನಾನು ಗಮನಿಸಿಯೇ ಇಲ್ಲ. ಈಗ ಮೂರು ಸಲ ಕೇಳಿದೆ.

"ಯುಬ್ಲಿನಾ ಮನೆಗೆ ಎಲೆಯಡಿಕೆ ತಂದೋರೇ ನಮ್ಮನೆಗೂ ತಂದ್ರು. ಬೈಕಲ್ಲಿ ಬಂದಿದ್ರು. ಅಪ್ಪ ಮುಟ್ಲಿಲ್ಲ."

ಒಬ್ಬನೇ ಮನುಷ್ಯ ಎರಡು ಮನೆಗೆ ಎಲೆಯಡಿಕೆ ತಂದು, ಇಬ್ಬರನ್ನೂ ಒಂದೇ ಅಜ್ಜಿಯ ಮನೆಗೆ ಕೇಳಿದ. ಅದು ಮದುವೆಯಲ್ಲ. ಏಜೆಂಟ್. ಮಲೇಷ್ಯಾಗೆ ಮನೆಗೆಲಸಕ್ಕೆ ಹುಡುಗಿಯರನ್ನು ಸಾಗಿಸುವವನು.

ಹೆಣ್ಣು ಕೇಳುವ ಬುಟ್ಟಿಯನ್ನೇ ಹಿಡಿದು ಬಂದಿದ್ದಾನೆ. ಯುಬ್ಲಿನಾಳ ಮಾವ ಇನ್ನು ಇಲ್ಲವೆನ್ನಲಾರರು. ನಮ್ಮ ಪ್ರಶ್ನಾವಳಿಯ ಲೆಕ್ಕದಲ್ಲಿ ಭವಿಷ್ಯ ಅತ್ಯಂತ ಸ್ಪಷ್ಟವಾಗಿರುವ ಹುಡುಗಿ ಅವಳೇ.

ಆಗಸ್ಟ್ 16, ಶನಿವಾರ

ರಾತುಕೋರೆ ಮೇಡಂಗೆ ಫೋನ್ ಮಾಡಿದೆ. ಅಧ್ಯಯನದ ಮುಖ್ಯಸ್ಥೆ, ನನಗೆ ಪಾಠ ಹೇಳಿದವರು. ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಯಾರಿಗೂ ಹೇಳಲ್ಲ ಅಂತ ಆ ಮಗೂಗೆ ಮಾತು ಕೊಟ್ಟೋಳು ನೀನೇ ಅಲ್ವೇನಮ್ಮ? ಒಂದು ಅನುಮಾನದ ಮೇಲೆ ಮುರಿಯೋ ಹಾಗಿಲ್ಲ. ರಜೆ ಮುಗೀಲಿ, ಅಧ್ಯಯನದ ನೀತಿ ಸಮಿತಿ ಮುಂದೆ ಇಡೋಣ," ಎಂದರು.

ಸರಿ ಮೇಡಂ ಎಂದೆ. ಒಂದು ಥರ ಹಗುರವೂ ಆಯಿತು. ಅದನ್ನೂ ಬರೆದಿಡಬೇಕು.

ಆಗಸ್ಟ್ 19, ಮಂಗಳವಾರ

ಇಬ್ಬರು ಸದಸ್ಯರು ಊರಲ್ಲಿಲ್ಲ. ಸಮಿತಿ ಸಭೆ ಶುಕ್ರವಾರಕ್ಕೆ ಹೋಯಿತು. ಅತ್ತೆ ಊಟದ ತಟ್ಟೆ ನೋಡಿ, ಜೋಳದ ಗಂಜಿಗೂ ಕಾಲೇಜು ಓದಿದವರ ನಾಲಿಗೆ ಒಗ್ಗುವುದಿಲ್ಲವೇನೋ ಎಂದರು.

ಆಗಸ್ಟ್ 21, ಗುರುವಾರ. ರಾತ್ರಿ 9

ತಡೆಯಲಾಗಲಿಲ್ಲ. ಸಂಜೆ ನಾಫ್ತಾಲಿ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.

"ನಿನ್ನೆನೇ ಕರ್ಕೊಂಡು ಹೋದ್ರಲ್ಲಮ್ಮ. ಕುಪಾಂಗ್‌ನಲ್ಲಿ ಯಾರ ಮನೇಲೋ ಇಟ್ಟಿದಾರಂತೆ. ಬೆಳಿಗ್ಗೆ ಹಡಗು."

ಕುಪಾಂಗ್. ಅಂದರೆ ಈ ಊರಲ್ಲೇ ಇದ್ದಾಳೆ. ಎಷ್ಟು ಮನೆಗಳಿವೆ ಇಲ್ಲಿ.

ರಾತ್ರಿ 11.50

ಎಲ್ಮಾಳನ್ನು ಅತ್ತೆಗೆ ಕೊಟ್ಟು ಬಂದರಿನ ಪೊಲೀಸರ ಹತ್ತಿರ ಹೋಗಿದ್ದೆ. ಪಾಳಿಯಲ್ಲಿದ್ದವನು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿಸಿದ. ಯಾರ ಮನೆ? ಯಾವ ಹಡಗು? ಗುರುತಿನ ಚೀಟಿಯಲ್ಲಿ ಈಗ ಯಾವ ಹೆಸರು, ಎಷ್ಟು ವಯಸ್ಸು ಬರೆಸಿದ್ದಾರೆ? ಫೋಟೋ ಇದೆಯೇ? ಒಂದೂ ಗೊತ್ತಿರಲಿಲ್ಲ. ಮನೆ ಗೊತ್ತಾದರೆ ಎಷ್ಟು ಹೊತ್ತಿಗಾದರೂ ಜೀಪು ಕಳಿಸುತ್ತೇನೆ ಎಂದು ತನ್ನ ನಂಬರ್ ಕೊಟ್ಟ.

ರಾತ್ರಿ 2.30

ಹಲ್ಲಿ ಕೂಗಿತು. ಎಲ್ಮಾ ಏಳಲಿಲ್ಲ. ಫೋನಿನ ದನಿ ಪೂರ್ತಿ ಏರಿಸಿ ಅವಳ ತಲೆದಿಂಬಿನ ಪಕ್ಕದಲ್ಲೇ ಇಟ್ಟಿದ್ದೇನೆ. ಎದ್ದರೆ ಏಳಲಿ. ಅತ್ತೆಯೂ ಮಲಗಿಲ್ಲ; ದೀಪ ಆರಿಸು ಎಂದೂ ಹೇಳುತ್ತಿಲ್ಲ.

ಯುಬ್ಲಿನಾ, ಹಾಡುಪುಸ್ತಕ ತಂದಿದ್ದೀಯ ತಾನೇ? ಬಿಟ್ಟು ಬರುವವಳಲ್ಲ ನೀನು. ಚೀಟಿ ಅದರೊಳಗಿದೆ. ಅಮ್ಮನಿಗೆ ಹೇಳಿಬರಲಿಲ್ಲ ಅನ್ನು, ಯಾರದಾದರೂ ಫೋನ್ ಕೇಳು. ಹೆಚ್ಚೇನೂ ಹೇಳಬೇಡ. ಕಿಟಕಿಯಿಂದ ಏನು ಕಾಣುತ್ತದೆ, ಅಷ್ಟು ಹೇಳು — ಚರ್ಚೋ, ಅಂಗಡಿಯೋ, ಒಂದು ಬೋರ್ಡೋ... ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಮಾವ ಕೊಟ್ಟ ಮಾತು ಮುರಿದವಳು ನಾನೇ ಎಂದು ಆಗಲಿ. ದಮ್ಮಯ್ಯ ಮಗಳೇ, ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ —